ನಿಮಗಿದು ಗೊತ್ತೇ? ಪೆನ್‌ಡ್ರೈವ್ ಬೇಡ, ಲ್ಯಾನ್ ಕೇಬಲ್ ಸಾಕು!

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಚಿಪ್ ಕೇಳುತ್ತದೆ. ಹಾಗಾಗಿ ಗುಂಡ್ಲುಪೇಟೆಯ ಮನೆಗಳಿಂದ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್‌ಹ್ಯಾಂಡ್ ಅಂಗಡಿಗಳವರೆಗೆ ಗಟ್ಟಿಮುಟ್ಟಾದ ಹಳೇ ಲ್ಯಾಪ್‌ಟಾಪ್‌ಗಳು ಲಿನಕ್ಸ್‌ನಂಥ ಹೊಸ ಓಎಸ್‌ಗಾಗಿ ಕಾದು ಕುಳಿತಿವೆ. ಡಿವಿಡಿ ಡ್ರೈವ್ ಕೆಟ್ಟಿದ್ದರೂ ಯುಎಸ್‌ಬಿಯಿಂದ ಬೂಟ್ ಆಗದಿದ್ದರೂ ಇವುಗಳಿಗೆ ಇನ್ನೊಂದು ದಾರಿ ಇದೆ. ಸರ್ವರ್ ಆಗಿ ಸಿದ್ಧಪಡಿಸಿದ ಇನ್ನೊಂದು ಕಂಪ್ಯೂಟರಿನಿಂದ ಲ್ಯಾನ್ ಕೇಬಲ್ ಮೂಲಕವೇ ಓಎಸ್ ಇಳಿಸುವುದು. ಆ ದಾರಿಯ ಕಲ್ಲುಮುಳ್ಳುಗಳ ಬಗ್ಗೆ ಈ ಸಲದ ಕಂತು.

★ ಇದರ ಹೆಸರು ಪಿಎಕ್ಸ್‌ಇ. ಮೂಲ ಇಂಟೆಲ್ ಕಂಪನಿಯದು. ಇವತ್ತಿಗೂ ಎಲ್ಲರೂ ಆಧಾರ ಮಾಡಿಕೊಳ್ಳುವ 2.1ನೇ ಆವೃತ್ತಿಯ ದಾಖಲೆಯ ಮೇಲಿರುವ ದಿನಾಂಕ 1999ರ ಸೆಪ್ಟೆಂಬರ್ 20. ಅಂದರೆ 2003ರ ಲ್ಯಾಪ್‌ಟಾಪ್‌ಗೂ ಈ ವಿದ್ಯೆ ಸಾಮಾನ್ಯವಾಗಿ ಗೊತ್ತಿರುತ್ತದೆ.

★ ಅದರ ಅಡಿಪಾಯ ಇನ್ನೂ ಹಳೆಯದು. ಡಿಸ್ಕ್ ಇಲ್ಲದ ಯಂತ್ರ ನೆಟ್‌ವರ್ಕಿನಲ್ಲಿ ತನ್ನ ವಿಳಾಸ ಕೇಳಿ ಪಡೆಯುವ ‘ಬೂಟ್‌ಪಿ’ ವಿಧಾನವನ್ನು 1985ರಲ್ಲಿ ಬರೆದವರು ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್. ಇದೇ ಗಿಲ್ಮೋರ್ ಮುಂದೆ ಅಂತರಜಾಲದ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿದವರಲ್ಲಿ ಒಬ್ಬರು.

★ ಹಳೇ ಲ್ಯಾಪ್‌ಟಾಪನ್ನು ಬೆಟ್ಟಕ್ಕೆ ಒಯ್ಯಬಹುದೇ? ಗುಂಡ್ಲುಪೇಟೆ ಬಳಿಯ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿದೆ. ಥಿಂಕ್‌ಪ್ಯಾಡ್‌ನಂಥ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಕೆಲಸದ ಗರಿಷ್ಠ ಎತ್ತರ 3,048 ಮೀಟರ್, ಅಂದರೆ 10,000 ಅಡಿ ಎಂದಿರುತ್ತದೆ. ಎತ್ತರದಿಂದ ಭಯವಿಲ್ಲ. ಭಯವಿರುವುದು ಬೆಟ್ಟದ ಮಂಜಿನಿಂದ. ಎಷ್ಟೋ ಲ್ಯಾಪ್‌ಟಾಪ್ ಕೈಪಿಡಿಗಳು ತೇವಾಂಶದ ಮಿತಿ ಹೇಳುವಾಗ ‘ಹನಿ ಕಟ್ಟಬಾರದು’ ಎಂಬ ಷರತ್ತನ್ನೂ ಹಾಕಿರುತ್ತವೆ. ಚಳಿಯಲ್ಲಿ ತಣ್ಣಗಾದ ಲ್ಯಾಪ್‌ಟಾಪನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಆನ್ ಮಾಡದೆ, ಚೀಲದಲ್ಲೇ ಸ್ವಲ್ಪ ಹೊತ್ತು ಬಿಡಿ.

★ ವೈ–ಫೈ ಮೂಲಕ ಪಿಎಕ್ಸ್‌ಇ ಆಗುವುದಿಲ್ಲ. ಹಳೇ ಲ್ಯಾಪ್‌ಟಾಪ್‌ಗಳ ಮಟ್ಟಿಗಂತೂ ಇದು ಖಂಡಿತ. ಪಕ್ಕದ ಸ್ಲಾಟಿಗೆ ಸಿಕ್ಕಿಸುವ ಲ್ಯಾನ್ ಕಾರ್ಡಿನಿಂದಲೂ ಆಗದು. ಮದರ್‌ಬೋರ್ಡಿನಲ್ಲೇ ಇರುವ ಲ್ಯಾನ್ ಪೋರ್ಟ್ ಬೇಕು.

★ ನೆಟ್‌ವರ್ಕ್ ಬೂಟ್ ಆಯ್ಕೆ ಮಾಡಿದ ಮೇಲೆ ಕಪ್ಪು ಪರದೆಯಲ್ಲಿ ಮೊದಲು ಕಾಣುವುದು ಲ್ಯಾನ್ ಕಾರ್ಡಿನ ಹನ್ನೆರಡು ಅಕ್ಷರ–ಅಂಕಿಗಳ ಮ್ಯಾಕ್ ವಿಳಾಸ. ಅದರ ಕೆಳಗೆ ‘ಡಿಎಚ್‌ಸಿಪಿ’ ಎಂಬ ಪದ, ಪಕ್ಕದಲ್ಲಿ ತಿರುಗುವ ಒಂದು ಸಣ್ಣ ಗೆರೆ. ‘ನಾನು ಯಾರು, ನನ್ನ ವಿಳಾಸ ಯಾವುದು, ಬೂಟ್ ಕಡತ ಎಲ್ಲಿದೆ’ ಎಂದು ಲ್ಯಾಪ್‌ಟಾಪ್ ಇಡೀ ನೆಟ್‌ವರ್ಕಿಗೆ ಕೂಗಿ ಕೇಳುತ್ತಿರುತ್ತದೆ. ಉತ್ತರ ಬಂದರೆ ಮುಂದಿನ ಸಾಲು. ಬಾರದಿದ್ದರೆ ಒಂದು ಎರರ್ ಕೋಡ್. ಬಹಳ ಜನ ಇಲ್ಲಿಗೇ ‘ಹಳೇ ಗಾಡಿ, ಆಗಲ್ಲ’ ಎಂದು ಮುಚ್ಚಿಬಿಡುತ್ತಾರೆ. ಆ ಕೋಡ್ ಓದಿದರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆ.

★ ಇ61 ಎಂದರೆ ಸಾಮಾನ್ಯವಾಗಿ ಕೇಬಲ್. ಲ್ಯಾನ್ ಪೋರ್ಟಿನ ಪಕ್ಕದ ಪುಟ್ಟ ದೀಪ ಉರಿಯುತ್ತಿದೆಯೇ ನೋಡಿ. ಜ್ಯಾಕಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ಕೇಬಲ್ ಕೂತಂತೆ ಕಾಣುತ್ತದೆ, ಆದರೆ ಕೂತಿರುವುದಿಲ್ಲ. ಬೆರಳಲ್ಲಿ ಒತ್ತಿ ಹಿಡಿದಾಗ ದೀಪ ಹತ್ತಿ, ಬಿಟ್ಟಾಗ ಆರಿದರೆ ಹೊಸ ಕೇಬಲ್ ತನ್ನಿ. ಬೂಟ್ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕ್ ಸಿಗದೆ ಲ್ಯಾಪ್‌ಟಾಪ್ ತಾನಾಗಿಯೇ ನೆಟ್‌ವರ್ಕಿಗೆ ಬಂದಾಗಲೂ ಇದೇ ಕೋಡ್ ಬರುತ್ತದೆ. ನೀವು ನೆಟ್‌ವರ್ಕ್ ಬೂಟ್ ಕೇಳಿಯೇ ಇರದಿದ್ದರೆ, ಕೈಕೊಟ್ಟಿರುವುದು ಕೇಬಲ್ ಅಲ್ಲ, ಬಹುಶಃ ಡಿಸ್ಕ್.

★ ಎರಡು ಲ್ಯಾಪ್‌ಟಾಪ್‌ಗಳನ್ನು ಸ್ವಿಚ್ ಇಲ್ಲದೆ ನೇರ ಜೋಡಿಸುವುದಾದರೆ? ಗಿಗಾಬಿಟ್ ಪೋರ್ಟ್ ಇದ್ದರೆ ಮಾಮೂಲಿ ಕೇಬಲ್ ಸಾಕು, ತಂತಿಗಳನ್ನು ಅದೇ ಸರಿಪಡಿಸಿಕೊಳ್ಳುತ್ತದೆ. ಎರಡೂ ಹಳೆಯ 100 ಎಂಬಿಪಿಎಸ್ ಪೋರ್ಟ್‌ಗಳಾದರೆ ಕ್ರಾಸ್‌ಓವರ್ ಕೇಬಲ್ ಬೇಕಾಗಬಹುದು: ಒಂದು ತುದಿಯ 1 ಮತ್ತು 2ನೇ ತಂತಿಗಳು ಇನ್ನೊಂದು ತುದಿಯಲ್ಲಿ 3 ಮತ್ತು 6ಕ್ಕೆ ಹೋಗಬೇಕು.

★ ಇ51 ಬಂದರೆ ಡಿಎಚ್‌ಸಿಪಿ ಕಡೆಯಿಂದ ಉತ್ತರವೇ ಇಲ್ಲ. ಇ53 ಬಂದರೆ ಉತ್ತರ ಬಂದಿದೆ, ಆದರೆ ಬೂಟ್ ಕಡತದ ಹೆಸರು ಅದರಲ್ಲಿಲ್ಲ. ಮನೆಗಳಲ್ಲಿ ಇ53ಕ್ಕೆ ಕಾರಣ ಬಹುಪಾಲು ಒಂದೇ. ಬ್ರಾಡ್‌ಬ್ಯಾಂಡ್ ರೌಟರೂ ಡಿಎಚ್‌ಸಿಪಿ ಕೊಡುತ್ತದೆ, ನೀವು ಸಿದ್ಧಪಡಿಸಿದ ಸರ್ವರೂ ಕೊಡುತ್ತದೆ. ರೌಟರ್ ಮೊದಲು ಬಾಯಿ ಹಾಕಿಬಿಡುತ್ತದೆ! ಅದಕ್ಕೆ ಪಿಎಕ್ಸ್‌ಇ ಎಂದರೇನೆಂದೇ ಗೊತ್ತಿಲ್ಲ.

★ ಇದಕ್ಕೆ ರೌಟರನ್ನು ಬಿಚ್ಚಿಡಬೇಕಿಲ್ಲ. ಸೈಮನ್ ಕೆಲ್ಲಿ ಬರೆದ ‘ಡಿಎನ್‌ಎಸ್‌ಮಾಸ್ಕ್’ ಎಂಬ ಪುಟ್ಟ ತಂತ್ರಾಂಶದಲ್ಲಿ ಪ್ರಾಕ್ಸಿ ವಿಧಾನವಿದೆ. ವಿಳಾಸ ಕೊಡುವ ಕೆಲಸವನ್ನು ರೌಟರಿಗೇ ಬಿಟ್ಟು, ಬೂಟ್ ಕಡತದ ಸುಳಿವನ್ನಷ್ಟೇ ಇದು ಕೊಡುತ್ತದೆ. ಕಡತ ಕಳಿಸುವ ಟಿಎಫ್‌ಟಿಪಿ ಸೇವೆಯೂ ಅದರೊಳಗೇ ಇದೆ. ಒಂದೇ ತಂತ್ರಾಂಶ, ಹತ್ತಿಪ್ಪತ್ತು ಸಾಲಿನ ಸಂರಚನೆ. ನನ್ನ ಮಟ್ಟಿಗೆ ಮನೆಗೆ, ಸಣ್ಣ ಶಾಲೆಗೆ ಇದಕ್ಕಿಂತ ದೊಡ್ಡದು ಯಾವುದೂ ಬೇಡ.

★ ಮನೆಯ ಅಗ್ಗದ ಸ್ವಿಚ್ಚಿನಲ್ಲಿ ಸರಾಗವಾಗಿ ಬೂಟ್ ಆದ ಲ್ಯಾಪ್‌ಟಾಪ್ ಕಾಲೇಜಿನ ದುಬಾರಿ ಸ್ವಿಚ್ಚಿನಲ್ಲಿ ಇ51 ತೋರಿಸುವುದುಂಟು. ಯಾಕೆ? ದೊಡ್ಡ ಸ್ವಿಚ್ಚುಗಳಲ್ಲಿ ‘ಸ್ಪ್ಯಾನಿಂಗ್ ಟ್ರೀ’ ಎಂಬ ಕಾವಲು ಇರುತ್ತದೆ. ರಾಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ 1985ರಲ್ಲಿ ರೂಪಿಸಿದ್ದು. ನೆಟ್‌ವರ್ಕಿನಲ್ಲಿ ಮಾಹಿತಿ ಸುತ್ತಿಗೆ ಬಿದ್ದು ಗಿರಕಿ ಹೊಡೆಯದಂತೆ ಅದು ತಡೆಯುತ್ತದೆ. ಅದರ ಹಳೆಯ ವಿಧಾನದಲ್ಲಿ ಕೇಬಲ್ ಸಿಕ್ಕಿಸಿದ ಮೇಲೆ 15 ಸೆಕೆಂಡ್ ಆಲಿಸುವುದು, ಮತ್ತೆ 15 ಸೆಕೆಂಡ್ ಕಲಿಯುವುದು; ಒಟ್ಟು 30 ಸೆಕೆಂಡ್ ಆ ಪೋರ್ಟ್ ಬಂದ್. 2009ರಿಂದ ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುವ ಹಾಗೆ ಎಂದುಕೊಳ್ಳಿ: ಗಾಡಿ ಸರಿಯಿದೆ, ರಸ್ತೆ ಸರಿಯಿದೆ, ಹೊತ್ತು ಸರಿಯಿಲ್ಲ. ಈಗ ಲ್ಯಾಪ್‌ಟಾಪ್ ಕಡೆಯ ಲೆಕ್ಕ ನೋಡಿ. ಪಿಎಕ್ಸ್‌ಇ ನಿಯಮದಂತೆ ಅದು ಒಮ್ಮೆ ಕೂಗಿ 4 ಸೆಕೆಂಡ್ ಕಾಯುತ್ತದೆ, ಮತ್ತೆ ಕೂಗಿ 8, ಮತ್ತೆ 16, ಕೊನೆಗೆ 32. ಅಂದರೆ ಕೂಗುವುದು ಸೊನ್ನೆ, 4, 12 ಮತ್ತು 28ನೇ ಸೆಕೆಂಡಿನಲ್ಲಿ. ಗೇಟು ತೆಗೆಯುವುದು 30ಕ್ಕೆ. ಎರಡೇ ಸೆಕೆಂಡಿನಲ್ಲಿ ತಪ್ಪಿತು! ಆ ಪೋರ್ಟಿಗೆ ಕೂಡಲೇ ತೆರೆದುಕೊಳ್ಳುವ ‘ಪೋರ್ಟ್‌ಫಾಸ್ಟ್’ ಆಯ್ಕೆ ಹಾಕಿದರೆ ಗುಣವಾಗುತ್ತದೆ. ಸ್ವಿಚ್ಚಿನ ಪಾಸ್‌ವರ್ಡ್ ನಿಮ್ಮ ಬಳಿ ಇಲ್ಲವೇ? ನಡುವೆ ಒಂದು ಅಗ್ಗದ ಐದು ಪೋರ್ಟಿನ ಸ್ವಿಚ್ ಹಾಕಿ. ದೊಡ್ಡ ಸ್ವಿಚ್ಚಿನ ಪೋರ್ಟ್ ಆಗ ಮೊದಲೇ ತೆರೆದುಕೊಂಡು ಕೂತಿರುತ್ತದೆ.

★ ಇ32: ಕಡತದ ಹೆಸರು ಗೊತ್ತಾಗಿದೆ, ಆದರೆ ಕೊಡುವವರು ಬಾಗಿಲು ತೆರೆಯುತ್ತಿಲ್ಲ. ಸರ್ವರ್ ಯಂತ್ರದ ಫೈರ್‌ವಾಲ್ ನೋಡಿ. ಟಿಎಫ್‌ಟಿಪಿ ಕೋರಿಕೆ ಬರುವುದು ಯುಡಿಪಿ 69ನೇ ಪೋರ್ಟಿಗೆ, ಆದರೆ ಕಡತ ಹೊರಡುವುದು ಬೇರೊಂದು ಪೋರ್ಟಿನಿಂದ. ನಡುವೆ ಇನ್ನೊಂದು ಫೈರ್‌ವಾಲ್ ಇದ್ದರೆ 69 ತೆರೆದ ಮಾತ್ರಕ್ಕೆ ಸಾಲದು.

★ ಟಿಎಫ್‌ಟಿಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಕೇಳಿದವರಿಗೆಲ್ಲ ಕೊಡುತ್ತದೆ. ಕೆಲಸ ಮುಗಿದ ಮೇಲೆ ನಿಲ್ಲಿಸಿಬಿಡಿ.

★ ಟಿಎಫ್‌ಟಿಪಿ ಕಡತವನ್ನು 512 ಬೈಟ್‌ಗಳ ತುಂಡು ಮಾಡಿ ಕಳಿಸುತ್ತದೆ. ಒಂದು ತುಂಡು ತಲುಪಿತು ಎಂಬ ಉತ್ತರ ಬಂದ ಮೇಲೇ ಇನ್ನೊಂದು. ತುಂಡಿನ ಸಂಖ್ಯೆಗೆ ಇರುವುದು 16 ಬಿಟ್ ಜಾಗ, ಅಂದರೆ 65,535ರವರೆಗೆ. ಗುಣಿಸಿ ನೋಡಿ, 32 ಎಂಬಿಗೆ ಲೆಕ್ಕ ಮುಗಿಯುತ್ತದೆ. ಕಡತ ಅರ್ಧ ಇಳಿದು ಅಲ್ಲಿಗೇ ನಿಂತರೆ ಇದೂ ಒಂದು ಗುಮಾನಿ ಇರಲಿ. ತುಂಡಿನ ಗಾತ್ರ ಹಿಗ್ಗಿಸುವ ಸೌಲಭ್ಯ 1995ರಲ್ಲಿ ಬಂತು. ಸರ್ವರಿನಲ್ಲಿ ಅದನ್ನು ಆಫ್ ಮಾಡಿರಬಾರದು, ಅಷ್ಟೇ.

★ ಒಂದೇ ಸಲಕ್ಕೆ ಹಲವು ಕಡೆ ಕಳಿಸುವ ವಿದ್ಯೆಗೂ ಗುಂಡ್ಲುಪೇಟೆ ಇರುವ ಚಾಮರಾಜನಗರ ಜಿಲ್ಲೆಗೂ ಒಂದು ನಂಟಿದೆ. ಇಸ್ರೋ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಕರ್ನಾಟಕದ ಪ್ರಾಥಮಿಕ ಶಾಲೆಗಳ ಪೈಕಿ ಮೊದಮೊದಲು ತಲುಪಿದ್ದು ಈ ಜಿಲ್ಲೆಯ ನೂರಾರು ಶಾಲೆಗಳಿಗೆ. (ಪಿಎಕ್ಸ್‌ಇ ದಾಖಲೆಯ ದಿನಾಂಕವೂ ಸೆಪ್ಟೆಂಬರ್ 20, ಸರಿಯಾಗಿ ಐದು ವರ್ಷ ಹಿಂದಿನದು. ಕಾಕತಾಳೀಯ, ಬೇರೇನಿಲ್ಲ.) ಒಂದೇ ಪಾಠ, ಒಂದೇ ಪ್ರಸಾರ, ನೂರಾರು ತರಗತಿ. ಕಂಪ್ಯೂಟರ್ ಲ್ಯಾಬಿನಲ್ಲಿ ಇದನ್ನೇ ಮಲ್ಟಿಕಾಸ್ಟ್ ಎನ್ನುತ್ತಾರೆ. ತೈವಾನಿನಲ್ಲಿ ಹುಟ್ಟಿದ ‘ಕ್ಲೋನ್‌ಜಿಲ್ಲಾ’ ತಂತ್ರಾಂಶ ಒಂದು ಯಂತ್ರದ ಪಡಿಯಚ್ಚನ್ನು ಲ್ಯಾಬಿನ ನಲವತ್ತು ಯಂತ್ರಗಳಿಗೂ ಒಂದೇ ಸಲಕ್ಕೆ ಸುರಿಯಬಲ್ಲದು.

★ ಹಾಗೆಂದು ಉಪಗ್ರಹದ ಮೂಲಕ ಟಿಎಫ್‌ಟಿಪಿ ಬೇಡ! ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಒಂದು ತುಂಡು ಹೋಗಿ ಅದರ ಉತ್ತರ ಬರಲು ಅರ್ಧ ಸೆಕೆಂಡಿನ ಹತ್ತಿರ ಬೇಕು. 30 ಎಂಬಿ ಕಡತದಲ್ಲಿ 61,440 ತುಂಡು. ಎಂಟು ಗಂಟೆ ದಾಟುತ್ತದೆ. ಕೋಣೆಯೊಳಗಿನ ಲ್ಯಾನಿನಲ್ಲಿ ತುಂಡಿಗೊಂದು ಮಿಲಿಸೆಕೆಂಡ್ ಎಂದರೂ ಒಂದು ನಿಮಿಷದ ಕೆಲಸ.

★ 64 ಜಿಬಿ ಪೆನ್‌ಡ್ರೈವ್ ತುಂಬಿಸಿಕೊಂಡು ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿ ಬಸ್ ಹತ್ತಿ ಒಂದೂವರೆ ಗಂಟೆಯಲ್ಲಿ ಗುಂಡ್ಲುಪೇಟೆಯಲ್ಲಿ ಇಳಿದರೆ, ಆ ಬಸ್ಸಿನ ವೇಗ ಸೆಕೆಂಡಿಗೆ ಸುಮಾರು 95 ಮೆಗಾಬಿಟ್. ಎಷ್ಟೋ ಮನೆಗಳ ಬ್ರಾಡ್‌ಬ್ಯಾಂಡ್ ಇದರ ಮುಂದೆ ಸೋಲುತ್ತದೆ.

★ ಪಾರಿವಾಳದ ಕಾಲಿಗೆ ಕಟ್ಟಿ ಅಂತರಜಾಲದ ಪೊಟ್ಟಣ ಕಳಿಸುವ ನಿಯಮವೂ ಇದೆ. 1990ರ ಏಪ್ರಿಲ್ 1ರಂದು ತಮಾಷೆಗೆ ಬರೆದದ್ದು. 2001ರಲ್ಲಿ ನಾರ್ವೆಯ ಬರ್ಗೆನ್ ನಗರದ ಲಿನಕ್ಸ್ ಬಳಗ ಅದನ್ನು ನಿಜಕ್ಕೂ ಮಾಡಿ ನೋಡಿತು. ಒಂಬತ್ತು ಪೊಟ್ಟಣ ಹೊರಟವು, ನಾಲ್ಕಕ್ಕೆ ಉತ್ತರ ಬಂತು.

★ ಬೂಟ್ ಪಟ್ಟಿಯಲ್ಲಿ ನೆಟ್‌ವರ್ಕ್ ಹೆಸರೇ ಕಾಣುತ್ತಿಲ್ಲವೇ? ಬಯಾಸ್ ಒಳಗೆ ಹೋಗಿ ‘ಲ್ಯಾನ್ ಬೂಟ್’, ‘ಆಪ್ಷನ್ ರಾಮ್’ ಅಥವಾ ‘ನೆಟ್‌ವರ್ಕ್ ಸ್ಟ್ಯಾಕ್’ ಎಂಬುದನ್ನು ಆನ್ ಮಾಡಿ. ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಎಫ್12 ಒತ್ತಿದರೂ ಏನೂ ಆಗದಿದ್ದರೆ ಗಾಬರಿ ಬೇಡ. ಮೊದಲು ಎಫ್2 ಒತ್ತಿ ಬಯಾಸ್ ಹೊಕ್ಕು ಎಫ್12 ಮೆನುವನ್ನೇ ಆನ್ ಮಾಡಬೇಕು.

★ ಲ್ಯಾನ್ ಪೋರ್ಟ್ ಇದೆ, ಪಿಎಕ್ಸ್‌ಇ ಮಾತ್ರ ಇಲ್ಲ. ಇಂಥವಕ್ಕೂ ಮದ್ದಿದೆ. ಅದರ ಹೆಸರು ‘ಐಪಿಎಕ್ಸ್‌ಇ’. ಸೀಡಿಗೆ, ಪೆನ್‌ಡ್ರೈವಿಗೆ, ಫ್ಲಾಪಿಗೆ ಕೂಡ ಬರೆದುಕೊಂಡು ಅಲ್ಲಿಂದ ನೆಟ್‌ವರ್ಕ್ ಬೂಟ್ ಮಾಡಬಹುದು. ಇದರ ಪೂರ್ವಜ ಈಥರ್‌ಬೂಟ್. ಫ್ಲಾಪಿ ಇನ್ನೂ ಯಾರ ಮನೆಯಲ್ಲಿದೆ ಎನ್ನಬೇಡಿ, 2003ರ ಲ್ಯಾಪ್‌ಟಾಪ್ ಇಟ್ಟುಕೊಂಡವರ ಮನೆಯಲ್ಲಿ ಇರುತ್ತದೆ.

★ ಹಳೇ ಬಯಾಸ್‌ಗೆ ಒಂದು ಬೂಟ್ ಕಡತ, ಅದರ ಜಾಗಕ್ಕೆ ಬಂದ ಯುಇಎಫ್‌ಐಗೆ ಇನ್ನೊಂದು. ಒಂದರದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕಡತ ಪೂರ್ತಿ ಇಳಿದು ಪರದೆ ಸುಮ್ಮನಾಗುತ್ತದೆ. ಡಿಎಚ್‌ಸಿಪಿ ಕೋರಿಕೆಯ 93ನೇ ಅಂಶದಲ್ಲಿ ಲ್ಯಾಪ್‌ಟಾಪ್ ತನ್ನ ಜಾತಕ ಹೇಳಿಕೊಂಡಿರುತ್ತದೆ: ಸೊನ್ನೆ ಎಂದರೆ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ. ಸರ್ವರ್ ಅದನ್ನು ನೋಡಿ ಕಡತ ಕೊಡುವಂತೆ ಮಾಡಬಹುದು.

★ ಪಿಎಕ್ಸ್‌ಇಲಿನಕ್ಸ್ ಎಂಬ ಬೂಟ್ ತಂತ್ರಾಂಶ ತನ್ನ ಸಂರಚನೆಯನ್ನು ಹುಡುಕುವ ಪರಿ ಬಲು ಸೊಗಸು. ಮ್ಯಾಕ್ ವಿಳಾಸದ ಹೆಸರಿನ ಕಡತ ಕೇಳುತ್ತದೆ. ಇಲ್ಲವೇ? ಐಪಿ ವಿಳಾಸವನ್ನು ಹದಿನಾರರ ಲೆಕ್ಕದಲ್ಲಿ ಬರೆದು ಕೇಳುತ್ತದೆ. 192.168.1.10 ಎಂಬುದು ‘ಸಿ0ಎ8010ಎ’ ಆಗುತ್ತದೆ. ಅದೂ ಇಲ್ಲವೇ? ಬಾಲದಿಂದ ಒಂದೊಂದೇ ಅಕ್ಷರ ಕತ್ತರಿಸುತ್ತ ಕೊನೆಗೆ ಬರೀ ‘ಸಿ’ ಉಳಿಯುವವರೆಗೆ ಕೇಳಿ, ಆಮೇಲೆ ‘ಡಿಫಾಲ್ಟ್’ ಕಡತಕ್ಕೆ ಬರುತ್ತದೆ. ಸರ್ವರ್ ಲಾಗಿನಲ್ಲಿ ‘ಕಡತ ಸಿಗಲಿಲ್ಲ’ ಎಂಬ ಸಾಲುಗಳು ಒಂದರ ಕೆಳಗೊಂದು ಬಂದರೆ ಹೆದರಬೇಡಿ, ಅದು ಹುಡುಕಾಟ.

★ ಆ ‘ಡಿಫಾಲ್ಟ್’ ಕಡತದಲ್ಲಿ ಎಂದಿಗೂ ‘ಕೇಳದೆ ಇನ್‌ಸ್ಟಾಲ್ ಮಾಡು’ ಎಂದು ಬರೆದಿಡಬೇಡಿ. ನೆಟ್‌ವರ್ಕ್ ಬೂಟ್ ಮೊದಲಿಟ್ಟುಕೊಂಡ ಯಾವುದೋ ಲ್ಯಾಪ್‌ಟಾಪ್ ಬೆಳಿಗ್ಗೆ ಆನ್ ಆದಾಗ ಅದರ ಡಿಸ್ಕ್ ಗುಡಿಸಿ ಹೋಗಿರುತ್ತದೆ. ‘ಸ್ವಂತ ಡಿಸ್ಕಿನಿಂದ ಬೂಟ್ ಆಗು’ ಎಂಬುದೇ ಮೊದಲ ಆಯ್ಕೆಯಾಗಿರಲಿ.

★ ಬೂಟ್ ಆಯಿತು, ಇನ್‌ಸ್ಟಾಲರ್ ಬಂತು, ಆಮೇಲೆ ‘ನೆಟ್‌ವರ್ಕ್ ಕಾರ್ಡ್ ಸಿಗಲಿಲ್ಲ’ ಎಂದಿತು! ನೆಟ್‌ವರ್ಕಿನಿಂದಲೇ ಬಂದದ್ದಕ್ಕೆ ನೆಟ್‌ವರ್ಕ್ ಕಾಣದೇ? ಕಾರಣವಿದೆ. ಅಲ್ಲಿಯವರೆಗೆ ಲ್ಯಾನ್ ಕಾರ್ಡನ್ನು ಓಡಿಸಿದ್ದು ಅದರದ್ದೇ ಆಪ್ಷನ್ ರಾಮ್. ಲಿನಕ್ಸ್ ಕರ್ನೆಲ್ ಎದ್ದ ಕ್ಷಣ ಅದು ಪಕ್ಕಕ್ಕೆ ಸರಿಯುತ್ತದೆ, ಕರ್ನೆಲ್ ತನ್ನ ಡ್ರೈವರ್ ಹುಡುಕುತ್ತದೆ. ಕೆಲವು ಕಾರ್ಡುಗಳಿಗೆ ಫರ್ಮ್‌ವೇರ್ ಕಡತವೂ ಬೇಕು. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಬಳಗ 2022ರ ಅಕ್ಟೋಬರಿನಲ್ಲಿ ಮತ ಹಾಕಿ ಇಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಲು ಒಪ್ಪಿತು, 2023ರ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ಆದರೆ ನೆಟ್‌ಬೂಟ್ ಕಡತಗಳಿಗೆ ನಾವೇ ಅಂಟಿಸಬೇಕು. ಅಂಟಿಸುವುದು ಸುಲಭ: ಇನ್‌ಸ್ಟಾಲರ್‌ನ ಇನಿಟ್‌ಆರ್‌ಡಿ ಕಡತದ ಬಾಲಕ್ಕೆ ಫರ್ಮ್‌ವೇರ್‌ನ ಸಿಪಿಐಒ ಕಡತವನ್ನು ಹಾಗೇ ಜೋಡಿಸಿದರೆ ಸಾಕು, ಕರ್ನೆಲ್ ಎರಡನ್ನೂ ಬಿಚ್ಚಿಕೊಳ್ಳುತ್ತದೆ.

★ ‘ಕರ್ನೆಲ್ ಮಾಡ್ಯೂಲ್‌ಗಳು ಸಿಗಲಿಲ್ಲ’ ಎಂಬ ದೂರು ಬಂದರೆ ನಿಮ್ಮ ನೆಟ್‌ಬೂಟ್ ಕಡತ ಹಳತಾಗಿದೆ. ಅತ್ತ ಪ್ಯಾಕೇಜು ಕೊಡುವ ಮಿರರ್ ಸರ್ವರಿನಲ್ಲಿ ಕರ್ನೆಲ್ ಬದಲಾಗಿದೆ. ಹೊಸ ಕಡತ ಇಳಿಸಿಕೊಂಡರೆ ಮುಗಿಯಿತು.

★ ಎಲ್ಲ ಸರಿಯಿದ್ದೂ ‘ಈ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ’ ಎಂದು ಇನ್‌ಸ್ಟಾಲರ್ ಹಟ ಹಿಡಿದರೆ ಗಡಿಯಾರ ನೋಡಿ. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತು ಲ್ಯಾಪ್‌ಟಾಪ್ ತಾನು ತಯಾರಾದ ವರ್ಷಕ್ಕೋ ಅದಕ್ಕೂ ಹಿಂದಕ್ಕೋ ಹೋಗಿ ಕೂತಿರುತ್ತದೆ. ಅದರ ಪಾಲಿಗೆ ಇಂದಿನ ಪ್ಯಾಕೇಜುಗಳೆಲ್ಲ ಭವಿಷ್ಯದವು. ಬಯಾಸ್‌ನಲ್ಲಿ ದಿನಾಂಕ ತಿದ್ದಿ, ಪುರುಸೊತ್ತಾದಾಗ ಸೆಲ್ ಬದಲಿಸಿ.

★ ಮೊದಲ ಪೀಳಿಗೆಯ ಪೆಂಟಿಯಂ ಎಂ ಲ್ಯಾಪ್‌ಟಾಪ್‌ಗಳಿಗೆ (2003) ಪಿಎಇ ಎಂಬ ಸೌಲಭ್ಯ ಇದೆ, ಆದರೆ ಇದೆಯೆಂದು ಅವು ಹೇಳಿಕೊಳ್ಳುವುದಿಲ್ಲ! ಉಬುಂಟು 12.10ರಿಂದ ಪಿಎಇ ಕಡ್ಡಾಯವಾದಾಗ ಇವು ಹೊರಗುಳಿದವು. 14.04ರಲ್ಲಿ ‘ಫೋರ್ಸ್‌ಪಿಎಇ’ ಎಂಬ ಪದವನ್ನು ಬೂಟ್ ಸಾಲಿಗೆ ಸೇರಿಸುವ ಉಪಾಯ ಬಂದು ಮತ್ತೆ ಜೀವ ಪಡೆದವು.

★ ಈಗ ಆ ದಾರಿಯೂ ಕಿರಿದಾಗಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೂ ಇಲ್ಲ, ಕರ್ನೆಲೂ ಇಲ್ಲ. ಡೆಬಿಯನ್ 12 ಹಾಕಬೇಕು. ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ 64 ಬಿಟ್ ಹೌದೇ ಎಂದು ಕೇಳುವುದು ಒಳ್ಳೆಯದು.

★ ಐಬಿಎಂ ಥಿಂಕ್‌ಪ್ಯಾಡ್‌ಗೆ ಬೇರೆ ವೈ–ಫೈ ಕಾರ್ಡ್ ಹಾಕಿದಿರೋ, ‘1802’ ಎಂದು ತೋರಿಸಿ ಬೂಟ್ ಆಗದೆ ನಿಲ್ಲುತ್ತದೆ. ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಅದರ ಬಯಾಸ್ ಒಳಗೆ ಬಿಡುವುದಿಲ್ಲ. ಕಾರ್ಡ್ ತೆಗೆದರೆ ಸರಿಹೋಗುತ್ತದೆ.

★ ಹತ್ತು ಲ್ಯಾಪ್‌ಟಾಪ್‌ಗಳಿಗೆ ಒಂದೇ ಪ್ಯಾಕೇಜುಗಳನ್ನು ಹತ್ತು ಸಲ ಇಳಿಸಬೇಕಿಲ್ಲ. ‘ಆಪ್ಟ್ ಕ್ಯಾಶರ್ ಎನ್‌ಜಿ’ ಎಂಬ ತಂತ್ರಾಂಶ ಮೊದಲನೆಯದಕ್ಕೆ ತಂದದ್ದನ್ನು ಉಳಿದ ಒಂಬತ್ತಕ್ಕೆ ಮನೆಯಿಂದಲೇ ಬಡಿಸುತ್ತದೆ. ಡೇಟಾ ಅಳೆದು ಕೊಡುವ ಊರುಗಳಲ್ಲಿ ಇದು ವರ. ಅದು ಕೆಲಸ ಮಾಡುವ ಪೋರ್ಟ್ 3142. ಗಣಿತದ ಮೇಷ್ಟರಿಗೆ ನೆನಪಿಡಲು ಕಷ್ಟವಾಗದು.

★ ದೂರದ ಯಂತ್ರವನ್ನು ಲ್ಯಾನ್ ಮೂಲಕವೇ ಎಬ್ಬಿಸುವ ‘ಮ್ಯಾಜಿಕ್ ಪ್ಯಾಕೆಟ್’ನ ತಿರುಳು ಬರೀ 102 ಬೈಟ್. ಮೊದಲು ಆರು ಬೈಟ್ ತುಂಬ ಒಂದುಗಳು, ಆಮೇಲೆ ಆ ಯಂತ್ರದ ಮ್ಯಾಕ್ ವಿಳಾಸ ಹದಿನಾರು ಸಲ.

★ ಗುಂಡ್ಲುಪೇಟೆಯಿಂದ 766ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಮೂಲೆಹೊಳೆ ದಾಟಿದರೆ ವಯನಾಡು. ಅಲ್ಲಿಂದ ಕಾಸರಗೋಡಿನವರೆಗೂ ಕೇರಳದ ಸರ್ಕಾರಿ ಶಾಲೆಗಳಲ್ಲಿ ಓಡುವುದು ‘ಕೈಟ್ ಗ್ನೂ/ಲಿನಕ್ಸ್’, ಉಬುಂಟು ಆಧರಿಸಿದ್ದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಈ ವಿಷಯದಲ್ಲಿ ಗಡಿಯಾಚೆಯ ಕನ್ನಡದ ಮಕ್ಕಳು ನಮಗಿಂತ ಮುಂದಿದ್ದಾರೆ ಎಂದೇ ನನ್ನ ಅಭಿಪ್ರಾಯ.

★ ನಮ್ಮಲ್ಲೂ ಪ್ರಯತ್ನ ಇಲ್ಲದಿಲ್ಲ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ಅಲ್ಲಿನ ಯುವಕರ ಜೊತೆ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಕಟ್ಟಿದ್ದು ಹಳೇ ಕಂಪ್ಯೂಟರುಗಳಿಂದ, ಗ್ನೂ/ಲಿನಕ್ಸ್ ಹಾಕಿ.

★ ಡೆಬಿಯನ್ ಇನ್‌ಸ್ಟಾಲರ್‌ನ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ! ಕಾಣಲಿಲ್ಲವೇ? ನೀವು ಅಕ್ಷರಗಳಷ್ಟೇ ಇರುವ ನೀಲಿ ಪರದೆಯ ಇನ್‌ಸ್ಟಾಲರ್ ತೆರೆದಿದ್ದೀರಿ. ಲಿನಕ್ಸಿನ ಆ ಪರದೆಗೆ ಒಮ್ಮೆಗೆ ಹೆಚ್ಚೆಂದರೆ 512 ಅಕ್ಷರರೂಪಗಳು ಮಾತ್ರ, ಒತ್ತಕ್ಷರ ಜೋಡಿಸಲು ಬಾರದು. ಗ್ರಾಫಿಕಲ್ ಇನ್‌ಸ್ಟಾಲರ್‌ಗೆ ಹೋದರೆ ಕನ್ನಡ ಸಿಗುತ್ತದೆ. ನೆಟ್‌ಬೂಟ್‌ಗೂ ಗ್ರಾಫಿಕಲ್ ಆವೃತ್ತಿ ಬೇರೆಯೇ ಇದೆ.

★ ಡೆಬಿಯನ್ ಭಂಡಾರದಲ್ಲಿ ಗುಬ್ಬಿ ಮತ್ತು ನವಿಲು ಎರಡೂ ಇವೆ. ಎರಡೂ ಕನ್ನಡದ ಯೂನಿಕೋಡ್ ಫಾಂಟುಗಳು.

★ ಕೊನೆಯದಾಗಿ, ಫಾರ್ಮ್ಯಾಟ್ ಮಾಡುವ ಮುನ್ನ ಒಂದು ಮಾತು. ಹಳೇ ಲ್ಯಾಪ್‌ಟಾಪಿನಲ್ಲಿ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ, ಹೊಸ ಓಎಸ್‌ನಲ್ಲಿ ಆ ಫಾಂಟ್ ಇಲ್ಲದೆ ತೆರೆದಾಗ ಅವು ಬರೀ ರೋಮನ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಅಪ್ಪ ಟೈಪ್ ಮಾಡಿಟ್ಟ ಜಮೀನಿನ ಕಾಗದ, ಅಮ್ಮನ ಕವಿತೆ, ಸಂಘದ ನಡಾವಳಿ ಎಲ್ಲ ಅದರಲ್ಲೇ ಇರಬಹುದು. ನುಡಿ ಮತ್ತು ಬರಹ ಎರಡರಲ್ಲೂ ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯವಿದೆ. ವಿಂಡೋಸ್ ಇರುವಾಗಲೇ ಆ ಕೆಲಸ ಮಾಡಿ, ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಲ್ಯಾನ್ ಕೇಬಲ್ ಸಿಕ್ಕಿಸುವುದು ಆಮೇಲೆ.